ಕೈ ಕಟ್ಟಿಹಾಕಿದವರೇ ‘ಸೋಮಾರಿ’ ಎಂದು ಬೈಯುವುದೇ?

ಇಂಗ್ಲೆಂಡಿನ ಆಶ್ರಯಾರ್ಥಿಗಳ ಅನ್ನ–ಆಸರೆಯ ಪ್ರಶ್ನೆ

“ದೋಣಿ ಹತ್ತಿ ಇಂಗ್ಲೆಂಡಿಗೆ ಬಂದವನಿಗೆ ಬಿಟ್ಟಿ ಹೋಟೆಲು, ಬಿಟ್ಟಿ ಊಟ, ಮೇಲೆ ಕೈಖರ್ಚಿಗೆ ಕಾಸು! ಅಲ್ಲಿಯೇ ಹುಟ್ಟಿದ ಬಡವನಿಗೆ ಮಾತ್ರ ಬೀದಿಯೇ ಗತಿ!” ಆ ದೇಶದ ಬಲಪಂಥದವರು ಈ ಮಾತನ್ನು ವರ್ಷಗಳಿಂದ ಡಂಗುರ ಹೊಡೆದು ಸಾರುತ್ತಿದ್ದಾರೆ. ಈಗ ಅದು ಸಮುದ್ರ ದಾಟಿ ನಮ್ಮ ಪೇಟೆಯ ಚಹದಂಗಡಿಗೂ ಬಂದಿದೆ. ಗಿರಣಿಯ ಪಾಳಿ ಮುಗಿಸಿ ಬಂದ ನಮ್ಮವರೂ ಅದನ್ನು ಕೇಳಿ “ಹೌದಲ್ಲವೇ” ಎಂದು ತಲೆದೂಗುತ್ತಿದ್ದಾರೆ. ಆದುದರಿಂದ ಈ ಮಾತಿನ ಒಳಗೇನಿದೆ ಎಂದು ಬಿಚ್ಚಿ ನೋಡಬೇಕಾಗಿದೆ.

ಹೋಟೆಲು ಇರುವುದು ನಿಜ. ಊಟ ಇರುವುದೂ ನಿಜ. ಒಂದಿಷ್ಟು ಕಾಸು ಸಿಕ್ಕುವುದೂ ನಿಜ. ಆದರೆ ಅರ್ಧ ನಿಜ ಹೇಳುವವನು ಪೂರ್ತಿ ಸುಳ್ಳು ಹೇಳುವವನಿಗಿಂತ ಅಪಾಯಕಾರಿ. ಆ ಮನುಷ್ಯ ದುಡಿದು ತಿನ್ನಲು ಏಕೆ ಬಿಡಲಿಲ್ಲ? ಹೋಟೆಲಿನ ಬಾಡಿಗೆ ಯಾರ ಜೇಬಿಗೆ ಹೋಗುತ್ತದೆ? ಊರಿನ ಬಡವನಿಗೆ ಮನೆ ಇಲ್ಲದಂತೆ ಮಾಡಿದವರು ಯಾರು? ಈ ಮೂರು ಪ್ರಶ್ನೆಗಳನ್ನು ಡಂಗುರದವರು ಕೇಳುವುದಿಲ್ಲ.

ನಮ್ಮ ವಾದ ಇಷ್ಟೇ: ದುಡಿಯಬಲ್ಲವನ ಕೈಯನ್ನು ಕಾನೂನಿನಿಂದ ಕಟ್ಟುವುದು, ಅವನ ಮುಂದೆ ಭಿಕ್ಷೆಯ ತಟ್ಟೆ ಇಡುವುದು, ಆ ತಟ್ಟೆಯ ಹೆಸರಿನಲ್ಲಿ ಗುತ್ತೇದಾರನ ಜೇಬು ತುಂಬಿಸುವುದು, ಕೊನೆಗೆ ಊರಿನ ಬಡವನಿಗೆ “ನಿನ್ನ ಅನ್ನ ಕಸಿದವನು ಇವನೇ” ಎಂದು ಅವನನ್ನೇ ತೋರಿಸುವುದು. ಬ್ರಿಟನ್ನಿನ ಆಳರಸರು, ಟೋರಿಗಳೇ ಇರಲಿ ಲೇಬರ್ ಪಕ್ಷದವರೇ ಇರಲಿ, ಇಪ್ಪತ್ತೈದು ವರ್ಷಗಳಿಂದ ನಡೆಸಿಕೊಂಡು ಬಂದಿರುವ ವ್ಯಾಪಾರ ಇದು. ಕೆಳಗಿನ ಲೆಕ್ಕಗಳಲ್ಲಿ ವರ್ಷ ಹೇಳದೆ ಬಿಟ್ಟಲ್ಲಿ ಅವು 2024–25ರವೆಂದು ತಿಳಿಯಬೇಕು.

ಮೊದಲನೆಯ ರಾತ್ರಿ

ಸುಡಾನಿನ ಯುದ್ಧಕ್ಕೆ, ಆಫ್ಘಾನಿಸ್ತಾನದ ಬಂದೂಕಿಗೆ, ಎರಿಟ್ರಿಯಾದ ಕೊನೆಯಿಲ್ಲದ ಸೈನಿಕ ಜೀತಕ್ಕೆ ಹೆದರಿ ಓಡಿಬಂದವನು ಬ್ರಿಟನ್ನಿನಲ್ಲಿ ಕಾಲಿಟ್ಟ ದಿನ ಏನಾಗುತ್ತದೆ? 1951ರ ಜಿನೀವಾ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿದೆ. ಜೀವಭಯದಿಂದ ಬಂದವನ ಅಹವಾಲು ಕೇಳದೆ ಅವನನ್ನು ಹಿಂದಕ್ಕೆ ಅಟ್ಟುವಂತಿಲ್ಲ. ಅವನು ಬಂದರಿನಲ್ಲಿಯೋ, ಒಳನಾಡಿನಲ್ಲಿದ್ದರೆ ಲಂಡನ್ನಿನ ಬಳಿಯ ಕ್ರಾಯ್ಡನ್ ಕಛೇರಿಯಲ್ಲಿಯೋ “ನನಗೆ ಆಶ್ರಯ ಬೇಕು” ಎಂದು ಹೇಳಿಕೊಳ್ಳಬೇಕು. ಜೊತೆಯಲ್ಲಿಯೇ “ನನಗೆ ಮಲಗಲು ಜಾಗವಿಲ್ಲ, ಊಟಕ್ಕೆ ಕಾಸಿಲ್ಲ” ಎಂದೂ ಹೇಳಬೇಕು. ಎರಡನೆಯ ಮಾತನ್ನು ಅಲ್ಲಿಯೇ ಬಾಯಿಬಿಟ್ಟು ಹೇಳದಿದ್ದವನ ಮೊದಲನೆಯ ರಾತ್ರಿ ಬೀದಿಯಲ್ಲಿಯೇ ಕಳೆದೀತು.

1999ರ ವಲಸೆ ಮತ್ತು ಆಶ್ರಯ ಕಾನೂನಿನ 98ನೆಯ ಕಲಮಿನ ಪ್ರಕಾರ ತುರ್ತು ಆಸರೆ ಕೊಡಲಾಗುತ್ತದೆ. ಅವನು ನಿಜವಾಗಿ ನಿರ್ಗತಿಕನೇ ಎಂದು ವಿಚಾರಣೆ ಮುಗಿಯುವವರೆಗಿನ ತಾತ್ಕಾಲಿಕ ಹಾಸಿಗೆ ಮತ್ತು ಊಟ ಅದು. ವಿಚಾರಣೆ ಮುಗಿದ ಮೇಲೆ 95ನೆಯ ಕಲಮು. ಸರಿಯಾದ ವಸತಿ ಇಲ್ಲದವನು, ಅಥವಾ ಮುಂದಿನ 14 ದಿನಗಳಲ್ಲಿ ಜೀವನಾವಶ್ಯಕ ಖರ್ಚು ನಿಭಾಯಿಸಲಾರದವನು ನಿರ್ಗತಿಕ ಎಂಬುದು ಅದರ ಅಳತೆ. ಅರ್ಜಿ ತುಂಬಲು ‘ಮೈಗ್ರೆಂಟ್ ಹೆಲ್ಪ್’ ಎಂಬ ಧರ್ಮಸಂಸ್ಥೆಗೆ ಸರ್ಕಾರವೇ ಗುತ್ತಿಗೆ ಕೊಟ್ಟಿದೆ. ಬಿಟ್ಟಿ ದೂರವಾಣಿ ಇದೆ, ದುಭಾಷಿ ಸಿಕ್ಕುತ್ತಾನೆ. ಆದರೆ ಅರ್ಜಿಯಲ್ಲಿ ಕಿಸೆಯ ಕಾಸು, ನೆಂಟರಿಷ್ಟರ ಸಹಾಯ ಎಲ್ಲದಕ್ಕೂ ಲೆಕ್ಕ ಒಪ್ಪಿಸಬೇಕು. 95ನೆಯ ಕಲಮಿನ ಸಹಾಯ ನಿರಾಕರಿಸಿದರೆ ನ್ಯಾಯಮಂಡಲಿಗೆ ಮೇಲ್ಮನವಿ ಸಲ್ಲಿಸಲು ಮೂರೇ ದಿನದ ಗಡುವು! 98ನೆಯ ಕಲಮಿನ ತುರ್ತು ಆಸರೆ ನಿರಾಕರಿಸಿದರೆ ಆ ಮಂಡಲಿಗೆ ಹೋಗುವ ದಾರಿಯೂ ಇಲ್ಲ. ವಕೀಲನನ್ನು ಹಿಡಿದು ಹೈಕೋರ್ಟಿಗೇ ಹೋಗಬೇಕು. ಭಾಷೆ ತಿಳಿಯದ, ಕೈಯಲ್ಲಿ ಕವಡೆ ಕಾಸಿಲ್ಲದ ಮನುಷ್ಯ ಹೈಕೋರ್ಟಿಗೆ!

ಮನೆ ಮಂಜೂರಾಯಿತೆನ್ನಿ. ಎಲ್ಲಿ? ಅದನ್ನು ಕೇಳುವ ಅಧಿಕಾರ ಅವನಿಗಿಲ್ಲ. ಬಾಡಿಗೆ ಅಗ್ಗವಾದ ಊರುಗಳಿಗೆ, ಅಂದರೆ ಗಿರಣಿ ಗಣಿಗಳು ಮುಚ್ಚಿ ಕೆಲಸ ಕಳೆದುಕೊಂಡು ಕುಳಿತ ಊರುಗಳಿಗೆ, ಅವನನ್ನು ಸಾಗಿಸುತ್ತಾರೆ. ಮಿಡಲ್ಸ್‌ಬರೋ, ಸ್ಟೋಕ್, ರಾಚ್‌ಡೇಲ್. ಒಬ್ಬ ಬಡವನನ್ನು ಇನ್ನೊಬ್ಬ ಬಡವನ ಬಾಗಿಲಿಗೆ ತಂದು ಬಿಡುವುದು, ಇಬ್ಬರೂ ಕಚ್ಚಾಡಲಿ ಎಂದು ದೂರ ನಿಲ್ಲುವುದು. ಶ್ರೀಮಂತರ ಬಡಾವಣೆಯಲ್ಲಿ ಇಂಥ ಮನೆ ಸಿಕ್ಕುವುದು ಬಲು ಅಪರೂಪ.

ಕರಿಹಲಗೆಯ ಮೇಲೆ ಲೆಕ್ಕ

ಈಗ ಕಾಸಿನ ಲೆಕ್ಕ. ತಾನೇ ಅಡಿಗೆ ಮಾಡಿಕೊಳ್ಳುವ ಮನೆಯಲ್ಲಿರುವವನಿಗೆ 2024ರ ಜನವರಿಯಲ್ಲಿ ಗೊತ್ತುಮಾಡಿದ ದರ ವಾರಕ್ಕೆ 49 ಪೌಂಡು 18 ಪೆನ್ಸ್. ಊಟ ಕೊಡುವ ಹೋಟೆಲಿನಲ್ಲಿರುವವನಿಗೆ ವಾರಕ್ಕೆ 8 ಪೌಂಡು 86 ಪೆನ್ಸ್.

“ಪೌಂಡಿಗೆ ನೂರು ರೂಪಾಯಿ ಎಂದರೂ ವಾರಕ್ಕೆ ಐದು ಸಾವಿರವಾಯಿತಲ್ಲ!” ಎನ್ನುವವರಿದ್ದಾರೆ. ಪೌಂಡು ಸಂಪಾದಿಸಿ ರೂಪಾಯಿಯಲ್ಲಿ ಅಕ್ಕಿ ಕೊಳ್ಳುವವನಿಗೆ ಆ ಲೆಕ್ಕ ಸರಿ. ಅಲ್ಲಿಯ ಅಂಗಡಿಯಲ್ಲಿ ಕೊಳ್ಳುವವನಿಗೆ ಅಲ್ಲಿಯ ಅಳತೆಗೋಲನ್ನೇ ಹಿಡಿಯಬೇಕು. 2024ರ ಏಪ್ರಿಲಿನಲ್ಲಿ ಆ ದೇಶದ ಕನಿಷ್ಠ ಕೂಲಿ ಗಂಟೆಗೆ 11 ಪೌಂಡು 44 ಪೆನ್ಸ್. ಭಾಗಿಸಿ ನೋಡಿ. ಅಡಿಗೆ, ಬಟ್ಟೆ, ಬಸ್ಸು, ಸಾಬೂನು, ದೂರವಾಣಿ ಎಲ್ಲ ಸೇರಿ ಏಳು ದಿನ ಬದುಕಲು ಕೊಡುವ ಹಣ ಅಲ್ಲಿಯ ಅತಿ ಕಡಿಮೆ ಕೂಲಿಯವನ ನಾಲ್ಕೂಕಾಲು ಗಂಟೆಯ ದುಡಿಮೆಗೆ ಸಮ. ಹೋಟೆಲಿನವನಿಗೆ ವಾರವಿಡೀ ಕೊಡುವುದು ಒಂದು ಗಂಟೆಯ ಕೂಲಿಯೂ ಅಲ್ಲ! ದಿನಕ್ಕೆ 1 ಪೌಂಡು 27 ಪೆನ್ಸ್. ವಕೀಲನ ಬಳಿಗೆ ಬಸ್ಸಿನಲ್ಲಿ ಹೋಗಿ ಬರಲೂ ಸಾಲದ ಈ ಕಾಸಿಗೆ ‘ಐಷಾರಾಮ’ ಎಂದು ಹೆಸರು.

ಆ ಹಣವೂ ಕೈಗೆ ಬರುವುದಿಲ್ಲ. ‘ಆಸ್ಪೆನ್’ ಎಂಬ ಕಾರ್ಡಿಗೆ ಜಮಾ ಆಗುತ್ತದೆ. ಆ ಕಾರ್ಡು ಎಲ್ಲಿ ಉಜ್ಜಿತು ಎಂಬುದನ್ನು ಗೃಹ ಇಲಾಖೆ ನೋಡಬಲ್ಲದು. 2021ರ ಮೇ ತಿಂಗಳಲ್ಲಿ ಕಾರ್ಡಿನ ಗುತ್ತಿಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದಾಗ ಎಷ್ಟೋ ಸಂಸಾರಗಳು ದಿನಗಟ್ಟಲೆ ಕಾಸಿಲ್ಲದೆ ಕುಳಿತವು. ಗುತ್ತೇದಾರರ ಕೈಬದಲಾವಣೆಯಲ್ಲಿ ಉಪವಾಸ ಬಿದ್ದದ್ದು ಬಡವನ ಮಕ್ಕಳು.

ಅಂಗಡಿಕಾರರು ಕೇಳಬೇಕಾದ ಕಥೆ

ನಮ್ಮ ಸಣ್ಣ ವ್ಯಾಪಾರಿ ಬಂಧುಗಳು ಇದನ್ನು ಗಮನವಿಟ್ಟು ಕೇಳಬೇಕು. 2000ದ ಏಪ್ರಿಲಿನಲ್ಲಿ ಲೇಬರ್ ಸರ್ಕಾರ ಆಶ್ರಯಾರ್ಥಿಗಳಿಗೆ ನಗದು ಕೊಡುವುದನ್ನು ನಿಲ್ಲಿಸಿ ಕೂಪನ್ ಕೊಡತೊಡಗಿತು. ಒಂಟಿ ಆಳಿಗೆ ವಾರಕ್ಕೆ 36 ಪೌಂಡು 54 ಪೆನ್ಸ್. ಅದರಲ್ಲಿ 10 ಪೌಂಡು ಮಾತ್ರ ನಗದು, ಉಳಿದದ್ದೆಲ್ಲ ಚೀಟಿ. ಚೀಟಿ ನಡೆಯುತ್ತಿದ್ದುದು ಪಟ್ಟಿಯಲ್ಲಿದ್ದ ಅಂಗಡಿಗಳಲ್ಲಿ, ಹೆಚ್ಚಾಗಿ ದೊಡ್ಡ ಕಂಪನಿಗಳ ಸೂಪರ್ ಮಾರ್ಕೆಟ್ಟುಗಳಲ್ಲಿ. ಸಂತೆಯ ತರಕಾರಿಯವನ ಬಳಿ ಅಗ್ಗದ ಈರುಳ್ಳಿ ಇದ್ದರೂ ಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಹೇಯವಾದ ಸಂಗತಿ ಬೇರೆ: ಐದು ಪೌಂಡಿನ ಚೀಟಿಗೆ ನಾಲ್ಕು ಪೌಂಡಿನ ಸಾಮಾನು ಕೊಂಡರೆ ಉಳಿದ ಒಂದು ಪೌಂಡಿನ ಚಿಲ್ಲರೆ ಕೊಡಕೂಡದೆಂದು ನಿಯಮ! ಹಸಿದವನ ಚಿಲ್ಲರೆ ದೊಡ್ಡ ಅಂಗಡಿಯ ಗಲ್ಲಕ್ಕೆ.

ಗಿರಣಿಯವರಿಗೆ ಇದು ಹೊಸದೇ? ಮಾಲೀಕನ ಅಂಗಡಿಯಲ್ಲೇ ಕೊಳ್ಳಬೇಕೆಂದು ಕೂಲಿಗೆ ಬದಲು ಚೀಟಿ ಕೊಡುತ್ತಿದ್ದ ಪದ್ಧತಿಯ ವಿರುದ್ಧ ಇಂಗ್ಲೆಂಡಿನ ಕಾರ್ಮಿಕರೇ ಹೋರಾಡಿ 1831ರಲ್ಲಿ ಕಾನೂನು ಮಾಡಿಸಿಕೊಂಡಿದ್ದರು. ಅದೇ ಕಾರ್ಮಿಕರ ಹೆಸರು ಹೊತ್ತ ಪಕ್ಷ 169 ವರ್ಷಗಳ ಮೇಲೆ ಅದೇ ಚೀಟಿಯನ್ನು ಹಸಿದವನ ಕೈಗೆ ಕೊಟ್ಟಿತು. ಇದನ್ನು ತಡೆದವರು ಯಾರು? ಮತ್ತೆ ಕಾರ್ಮಿಕರೇ. ಸಾರಿಗೆ ಮತ್ತು ಸಾಮಾನ್ಯ ಕಾರ್ಮಿಕರ ಸಂಘದ ಮುಖಂಡ, ಜಮೈಕಾದಲ್ಲಿ ಹುಟ್ಟಿ ಬಂದ ಬಿಲ್ ಮಾರಿಸ್, ತಮ್ಮದೇ ಪಕ್ಷದ ಸರ್ಕಾರದ ಮುಖಕ್ಕೆ ನಿಂತು ವಿರೋಧಿಸಿದರು. 2001ರ ಅಕ್ಟೋಬರಿನಲ್ಲಿ ಸರ್ಕಾರ ಚೀಟಿ ಕೈಬಿಡುವುದಾಗಿ ಘೋಷಿಸಬೇಕಾಯಿತು. 2002ರಲ್ಲಿ ನಗದು ಮರಳಿತು. ಸಂಘಟಿತ ಕಾರ್ಮಿಕ ಎದ್ದುನಿಂತರೆ ಪರದೇಶದ ನಿರ್ಗತಿಕನ ಚಿಲ್ಲರೆಯೂ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬೀದಿಯೇ ಶಿಕ್ಷೆ

ಚೀಟಿ ಹೋಯಿತು, ಚಾಳಿ ಹೋಗಲಿಲ್ಲ. 2002ರ ಕಾನೂನಿನ 55ನೆಯ ಕಲಮು 2003ರ ಜನವರಿಯಲ್ಲಿ ಜಾರಿಗೆ ಬಂತು. ದೇಶಕ್ಕೆ ಬಂದೊಡನೆ, ‘ಸಾಧ್ಯವಾದಷ್ಟು ಬೇಗ’, ಅರ್ಜಿ ಹಾಕದವನಿಗೆ ಹಾಸಿಗೆಯೂ ಇಲ್ಲ, ಅನ್ನವೂ ಇಲ್ಲ. ದುಡಿದು ತಿನ್ನಲು ಅನುಮತಿಯೂ ಇಲ್ಲ. ಅಂದರೆ ಹಸಿವನ್ನೇ ಸರ್ಕಾರದ ಆಯುಧ ಮಾಡಿಕೊಂಡರು. ಅಂಗೋಲಾ, ಇಥಿಯೋಪಿಯಾ, ಸುಡಾನ್ ದೇಶಗಳಿಂದ ಬಂದ ಮೂವರ ಮೊಕದ್ದಮೆ ಮೇಲಿನ ನ್ಯಾಯಾಲಯವಾದ ಲಾರ್ಡ್ಸ್ ಸಭೆಯವರೆಗೆ ಹೋಯಿತು. ಅವರಲ್ಲಿ ಒಬ್ಬ ಪೋಲೀಸ್ ಠಾಣೆಯ ಹೊರಗೆ ಮಲಗಿದ್ದವನು. 2005ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರೂ ಒಂದೇ ದನಿಯಲ್ಲಿ ತೀರ್ಪಿತ್ತರು: ದುಡಿಯಲೂ ಬಿಡದೆ, ಸಹಾಯವನ್ನೂ ಕೊಡದೆ ಮನುಷ್ಯನನ್ನು ಬೀದಿಗೆ ತಳ್ಳುವುದು ಅಮಾನುಷ ನಡತೆ, ಮಾನವ ಹಕ್ಕುಗಳಿಗೆ ವಿರುದ್ಧ.

ತೀರ್ಪು ಬಂದು ಇಪ್ಪತ್ತು ವರ್ಷವಾಯಿತು. ಗಾಳಿ ಮತ್ತೆ ಅದೇ ದಿಕ್ಕಿಗೆ ಬೀಸುತ್ತಿದೆ. ನಿರ್ಗತಿಕ ಆಶ್ರಯಾರ್ಥಿಗೆ ಸಹಾಯ ಮಾಡಲೇಬೇಕೆಂದು 2005ರಿಂದ ಇದ್ದ ಕಾನೂನಿನ ಕಟ್ಟುಪಾಡನ್ನು ತೆಗೆದು, ಅದನ್ನು ಸರ್ಕಾರದ ಮರ್ಜಿಗೆ ಬಿಡುವುದಾಗಿ ಲೇಬರ್ ಗೃಹಮಂತ್ರಿಣಿ ಶಬಾನಾ ಮಹಮೂದ್ 2025ರ ನವೆಂಬರಿನಲ್ಲಿ ಸಾರಿದರು. ಹಕ್ಕು ಮರ್ಜಿಯಾದರೆ ಅದರ ಹೆಸರು ಭಿಕ್ಷೆ.

ಇನ್ನೊಂದು ವಿಚಿತ್ರ ಕೇಳಿ. ಅರ್ಜಿ ತಿರಸ್ಕೃತವಾದವನಷ್ಟೇ ಬೀದಿಗೆ ಬೀಳುವುದಲ್ಲ, ಗೆದ್ದವನೂ ಬೀಳುತ್ತಾನೆ. “ನೀನು ನಿಜವಾದ ನಿರಾಶ್ರಿತ” ಎಂದು ಸರ್ಕಾರವೇ ಒಪ್ಪಿಕೊಂಡ ಮೇಲೆ 28 ದಿನದಲ್ಲಿ ಆ ಮನೆ ಬಿಡಬೇಕು. ಅಷ್ಟರಲ್ಲಿ ಕೆಲಸ, ಮುಂಗಡ, ಬಾಡಿಗೆ ಮನೆ ಎಲ್ಲವನ್ನೂ ಹುಡುಕಿಕೊಳ್ಳಬೇಕು. 2024ರ ಡಿಸೆಂಬರಿನಲ್ಲಿ ಪ್ರಯೋಗವೆಂದು ಗಡುವನ್ನು 56 ದಿನಕ್ಕೆ ಏರಿಸಿದರು. 2025ರ ಸೆಪ್ಟೆಂಬರಿನಲ್ಲಿ ಒಂಟಿ ಆಳುಗಳಿಗೆ ಮತ್ತೆ 28ಕ್ಕೆ ಇಳಿಸಿದರು. ವರ್ಷಗಟ್ಟಲೆ ದುಡಿಯಬೇಡವೆಂದು ಕೂರಿಸಿದವನಿಗೆ “ನಾಲ್ಕು ವಾರದಲ್ಲಿ ಸ್ವಂತ ಕಾಲಮೇಲೆ ನಿಲ್ಲು” ಎಂದರೆ ಹೇಗೆ?

ಉಂಡವರು ಯಾರು?

ಹಾಗಾದರೆ ಹಣ ಖರ್ಚಾಗುವುದಿಲ್ಲವೇ? ಆಗುತ್ತದೆ, ಹೊಳೆಯಂತೆ. 2019ರಿಂದ ಈ ವಸತಿಯ ಕೆಲಸ ಮೂರು ಖಾಸಗಿ ಕಂಪನಿಗಳ ಕೈಯಲ್ಲಿದೆ: ಸರ್ಕೋ, ಮೇರ್ಸ್, ಕ್ಲಿಯರ್‌ಸ್ಪ್ರಿಂಗ್ಸ್. ಹತ್ತು ವರ್ಷದ ಗುತ್ತಿಗೆಗೆ ಮೊದಲು ಅಂದಾಜು ಮಾಡಿದ್ದು 450 ಕೋಟಿ ಪೌಂಡು. ಅದು 1,530 ಕೋಟಿ ಪೌಂಡು ಮುಟ್ಟಲಿದೆಯೆಂದು ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಛೇರಿಯೇ 2025ರ ಮೇ ತಿಂಗಳಲ್ಲಿ ಹೇಳಿತು. ಮೂರು ಪಟ್ಟಿಗೂ ಹೆಚ್ಚು! 2019ರ ಸೆಪ್ಟೆಂಬರಿನಿಂದ 2024ರ ಆಗಸ್ಟಿನವರೆಗೆ ಈ ಕಂಪನಿಗಳು ತಾವೇ ತೋರಿಸಿದ ಒಟ್ಟು ಲಾಭ 38 ಕೋಟಿ 30 ಲಕ್ಷ ಪೌಂಡು. ಹೋಟೆಲುಗಳಲ್ಲಿ ಇದ್ದವರು ನೂರಕ್ಕೆ 35 ಮಂದಿ. ಹೋಟೆಲುಗಳು ನುಂಗಿದ ಹಣ ನೂರಕ್ಕೆ 76. ಒಂದು ಕಂಪನಿಯ ಸ್ಥಾಪಕ 2025ರಲ್ಲಿ ಅಲ್ಲಿಯ ಪ್ರಸಿದ್ಧ ಪತ್ರಿಕೆಯ ಶ್ರೀಮಂತರ ಪಟ್ಟಿಯಲ್ಲಿ ಶತಕೋಟ್ಯಧಿಪತಿಯಾಗಿ ಮೆರೆದ. 2025ರ ಅಕ್ಟೋಬರಿನಲ್ಲಿ ಪಾರ್ಲಿಮೆಂಟಿನ ಗೃಹ ವ್ಯವಹಾರಗಳ ಸಮಿತಿಯೂ ನೂರಾರು ಕೋಟಿ ಪೋಲಾಯಿತೆಂದು ಇಲಾಖೆಗೆ ಛೀಮಾರಿ ಹಾಕಿತು.

ದಿನಕ್ಕೆ 1 ಪೌಂಡು 27 ಪೆನ್ಸ್ ಪಡೆದವನು ‘ಬಿಟ್ಟಿ ಕೂಳಿನವನು’. ಅವನ ಹಾಸಿಗೆಯ ಬಾಡಿಗೆಯಿಂದ ಕೋಟ್ಯಧಿಪತಿಯಾದವನು ‘ಉದ್ಯಮಿ’! ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದೊಳಗಿನ ಗುಬ್ಬಿಗೆ ಕಲ್ಲು ಹೊಡೆದಂತಾಯಿತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇಂಗ್ಲೆಂಡಿನ ಬಡವನ ಸಂಕಟ ಸುಳ್ಳಲ್ಲ. 2024ರ ಮಾರ್ಚಿನಲ್ಲಿ ಅಲ್ಲಿ 13 ಲಕ್ಷ 30 ಸಾವಿರ ಸಂಸಾರಗಳು ಪೌರಸಭೆಯ ಮನೆಗಾಗಿ ಕಾಯುತ್ತಿದ್ದವು. ಆದರೆ ಆ ಮನೆಗಳನ್ನು ನುಂಗಿದವರು ದೋಣಿಯಲ್ಲಿ ಬಂದವರಲ್ಲ. 1980ರ ಕಾನೂನಿನಿಂದ ಥ್ಯಾಚರ್ ಸರ್ಕಾರ ಪೌರಸಭೆಯ ಮನೆಗಳನ್ನು ಮಾರಾಟಕ್ಕಿಟ್ಟಿತು. ಮಾರಿದಷ್ಟು ಮನೆಗಳನ್ನು ಆಮೇಲೆ ಯಾವ ಸರ್ಕಾರವೂ ಕಟ್ಟಲಿಲ್ಲ. ಇಂದಿನ ಅನೇಕ ಆಶ್ರಯಾರ್ಥಿಗಳು ಹುಟ್ಟುವ ಮೊದಲೇ ನಡೆದ ಕೆಲಸ ಅದು.

ಆದರೂ ಬರೆ ಬಿದ್ದದ್ದು ಯಾರಿಗೆ? 2024ರ ಜುಲೈ 29ರಂದು ಸೌತ್‌ಪೋರ್ಟ್ ಊರಿನಲ್ಲಿ ಮೂವರು ಹೆಣ್ಣುಮಕ್ಕಳ ಕೊಲೆಯಾಯಿತು. ಕೊಲೆಗಾರ ದೋಣಿಯಲ್ಲಿ ಬಂದ ಆಶ್ರಯಾರ್ಥಿ ಎಂದು ಸುಳ್ಳು ಹಬ್ಬಿಸಿದರು. ಅವನು ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಹುಟ್ಟಿದವನು. ಸತ್ಯ ಹೊರಬಂದ ಮೇಲೂ ಗಲಭೆ ನಿಲ್ಲಲಿಲ್ಲ. ಆಗಸ್ಟ್ 4ರಂದು ರಾದರ್‌ಹ್ಯಾಮ್ ಬಳಿ, ಒಳಗೆ ಜನರಿರುವಾಗಲೇ, ಆಶ್ರಯಾರ್ಥಿಗಳ ಹೋಟೆಲಿಗೆ ಬೆಂಕಿ ಇಡಲು ಹೊರಟರು. ಬೆಲ್‌ಫಾಸ್ಟಿನಲ್ಲಿ ವಲಸೆಗಾರರ ಅಂಗಡಿಗಳು ಸುಟ್ಟವು. ಕಲ್ಲು ತೂರುವವನು ಪಾಸ್‌ಪೋರ್ಟು ನೋಡಿ ತೂರುವುದಿಲ್ಲ. ಬಿಳಿಯನಲ್ಲದವನ ಕಿಟಕಿ ಸಿಕ್ಕರೆ ಅವನಿಗೆ ಸಾಕು. ಆ ದೇಶದಲ್ಲಿ ದುಡಿಯುತ್ತಿರುವ ನಮ್ಮ ಕನ್ನಡಿಗ ದಾದಿಯರೂ ಇಂಜಿನಿಯರುಗಳೂ ಇದನ್ನು ಅರಿಯಬೇಕು. “ನಾವು ವೀಸಾ ಪಡೆದು ಬಂದವರು, ನಮಗೇನು?” ಎಂಬ ಮಾತು ಕಿಟಕಿಯ ಗಾಜನ್ನು ಕಾಯುವುದಿಲ್ಲ.

ದುಡಿಯಲು ಬಿಟ್ಟಾಗ ಏನಾಯಿತು?

ಆಶ್ರಯಾರ್ಥಿಗೆ ಕೆಲಸ ಮಾಡುವ ಹಕ್ಕಿಲ್ಲ. ಹನ್ನೆರಡು ತಿಂಗಳು ಕಾದರೂ ತೀರ್ಮಾನವಾಗದಿದ್ದರೆ, ತಡ ಅವನ ತಪ್ಪಿನಿಂದ ಆದದ್ದಲ್ಲವೆಂದಾದರೆ, ಅನುಮತಿ ಕೇಳಬಹುದು. ಅದೂ ಸರ್ಕಾರದ ಪಟ್ಟಿಯಲ್ಲಿರುವ ಕೆಲವೇ ಉದ್ಯೋಗಗಳಿಗೆ. ಸ್ವಂತ ಅಂಗಡಿ ಇಡುವಂತಿಲ್ಲ. ಆರು ತಿಂಗಳಾದ ಮೇಲೆ ಅನುಮತಿ ಕೇಳುವ ಅವಕಾಶ 2002ರವರೆಗೆ ಇತ್ತು. ಅದನ್ನು ಕಿತ್ತುಕೊಂಡವರು ಇವರೇ. ಇದರಿಂದ ಲಾಭ ಯಾರಿಗೆ? ಹಸಿದವನು ಕದ್ದುಮುಚ್ಚಿ ಅರ್ಧ ಕೂಲಿಗೆ ದುಡಿಯುತ್ತಾನೆ, ಸಂಘ ಸೇರಲಾರ, ದೂರು ಕೊಡಲಾರ. ಅವನನ್ನು ತೋರಿಸಿ ಮಾಲೀಕ ಉಳಿದವರ ಕೂಲಿಯನ್ನೂ ಇಳಿಸುತ್ತಾನೆ. ಬದಲಿ ಆಳುಗಳನ್ನು ಗೇಟಿನಲ್ಲಿ ನಿಲ್ಲಿಸಿ ಕಾಯಂ ಕಾರ್ಮಿಕನನ್ನು ಹೆದರಿಸುವ ವಿದ್ಯೆ ನಮ್ಮ ಗಿರಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮದ್ದು ಒಂದೇ: ಬದಲಿಯವನಿಗೂ ಅದೇ ಕೂಲಿ, ಅದೇ ಹಕ್ಕು.

ಬಿಟ್ಟಾಗ ಏನಾಯಿತು ಎಂಬುದಕ್ಕೆ ಆ ದೇಶದಲ್ಲಿಯೇ ದೃಷ್ಟಾಂತವಿದೆ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಭಾರತ ಮೂಲದವರನ್ನು 90 ದಿನದ ಗಡುವು ಕೊಟ್ಟು ಓಡಿಸಿದ. ಸುಮಾರು 28 ಸಾವಿರ ಮಂದಿ ಬ್ರಿಟನ್ನಿಗೆ ಬಂದರು. “ನಮ್ಮೂರಿಗೆ ಬರಬೇಡಿ” ಎಂದು ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತನ್ನೇ ಹಾಕಿಸಿತ್ತು! ಹೆಚ್ಚಿನವರ ಬಳಿ ಬ್ರಿಟಿಷ್ ಪಾಸ್‌ಪೋರ್ಟು ಇದ್ದುದರಿಂದ ದುಡಿಯಲು ಅಡ್ಡಿಯಿರಲಿಲ್ಲ. ಹಳೆಯ ಸೈನ್ಯದ ಶಿಬಿರಗಳಲ್ಲಿ ಇಳಿದವರು ಕೆಲಸ ಹುಡುಕಿಕೊಂಡು ಕೆಲವೇ ತಿಂಗಳಲ್ಲಿ ಹೊರಬಿದ್ದರು. ಗಿರಣಿ ಸೇರಿದರು, ಮೂಲೆ ಮೂಲೆಗೆ ಅಂಗಡಿ ಇಟ್ಟರು. ಬೇಡವೆಂದ ಲೆಸ್ಟರೇ ಇಂದು ಅವರನ್ನು ತನ್ನ ಹೆಮ್ಮೆಯೆಂದು ಹೇಳಿಕೊಳ್ಳುತ್ತದೆ.

ಇನ್ನೂ ಹತ್ತಿರದ ದೃಷ್ಟಾಂತ ಬೇಕೆ? ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿ ನೋಡಿ. ಟಿಬೆಟ್ಟಿನಿಂದ ಓಡಿಬಂದವರಿಗೆ 1960ರಲ್ಲಿ ಅಂದಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುನೆಲ ಕೊಟ್ಟಿತು. ಹಿಮದ ನಾಡಿನವರು ಸೆಕೆ ಸಹಿಸಿದರು, ಆನೆಯ ಕಾಟ ಸಹಿಸಿದರು, ಗುಡಾರದಲ್ಲಿ ಮಲಗಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು. ನಾವೇನು ಬ್ರಿಟನ್ನಿಗಿಂತ ಶ್ರೀಮಂತರಾಗಿದ್ದೆವೇ? ಅಕ್ಕಿ ಗೋಧಿಗೆ ಅಮೆರಿಕದ ಹಡಗು ಕಾಯುತ್ತಿದ್ದ ಕಾಲ ಅದು. ಕೊಟ್ಟದ್ದು ಭಿಕ್ಷೆಯಲ್ಲ, ನೆಲ ಮತ್ತು ದುಡಿಮೆ.

ನಮ್ಮ ಅಂಗಳವನ್ನೂ ಗುಡಿಸಬೇಕು

ಹಾಗೆಂದು ನಾವು ಮೀಸೆ ತಿರುವುವಂತಿಲ್ಲ. 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದು ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ಟಿಬೆಟ್ಟಿನವನಿಗೆ ಒಂದು ನ್ಯಾಯ, ಬರ್ಮಾದ ರೋಹಿಂಗ್ಯನಿಗೆ ಇನ್ನೊಂದು ನ್ಯಾಯ ಎಂಬಂತಾಗಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಬಳಿ ‘ಬಾಂಗ್ಲಾದೇಶದವರು’ ಎಂಬ ಗುಲ್ಲೆಬ್ಬಿಸಿ ಕೂಲಿಕಾರರ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅನೇಕರು ಉತ್ತರ ಕರ್ನಾಟಕದಿಂದ, ಈಶಾನ್ಯ ರಾಜ್ಯಗಳಿಂದ ಹೊಟ್ಟೆಪಾಡಿಗೆ ಬಂದ ಈ ದೇಶದ ಪ್ರಜೆಗಳೇ! ಹೈಕೋರ್ಟು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಪರದೇಶಿಯ ಮೇಲೆ ಎತ್ತಿದ ಲಾಠಿ ಮೊದಲು ಬೀಳುವುದು ಬಡವನ ಬೆನ್ನಿನ ಮೇಲೆಯೇ. ಅವನು ಯಾವ ಊರಿನವನೆಂಬುದನ್ನು ಆಮೇಲೆ ವಿಚಾರಿಸುತ್ತಾರೆ.

ಬಂಧುಗಳೇ, ಬೇಡಿಕೆ ಸ್ಪಷ್ಟವಾಗಿರಲಿ. ಬಂದವನಿಗೆ ಮೊದಲ ರಾತ್ರಿಯೇ ಮಾಡು ಮತ್ತು ಅನ್ನ, ಅದು ಮರ್ಜಿಯಿಂದಲ್ಲ, ಹಕ್ಕಿನಿಂದ. ಆರು ತಿಂಗಳೊಳಗೆ ಅರ್ಜಿ ತೀರ್ಮಾನವಾಗಬೇಕು. ಆಗದಿದ್ದರೆ ಯಾವ ಕೆಲಸವನ್ನಾದರೂ ಮಾಡಲು ಬಿಡಬೇಕು. 2018ರಲ್ಲಿ ‘ಲಿಫ್ಟ್ ದಿ ಬ್ಯಾನ್’ ಎಂಬ ಒಕ್ಕೂಟ ಕಟ್ಟಿದ ಅಲ್ಲಿಯ ಕಾರ್ಮಿಕ ಸಂಘಗಳೂ ಧರ್ಮಸಂಸ್ಥೆಗಳೂ ಆರು ತಿಂಗಳ ಮೇಲೆ ಕೆಲಸದ ಹಕ್ಕು ಬೇಕೆಂದೇ ಕೇಳುತ್ತ ಬಂದವು. ಗುತ್ತೇದಾರನ ಕೈಯಿಂದ ವಸತಿಯನ್ನು ಕಿತ್ತು ಪೌರಸಭೆಗಳಿಗೆ ಕೊಡಬೇಕು; ಆ ಹಣದಲ್ಲಿ ಕಟ್ಟಿದ ಮನೆಗಳು ಊರಿನ ಬಡವನಿಗೂ ಬಂದವನಿಗೂ ಸಲ್ಲಬೇಕು.

ನಾಳೆ ಚಹದಂಗಡಿಯಲ್ಲಿ ಯಾರಾದರೂ “ಬಿಟ್ಟಿ ಕೂಳಿನವರು” ಎಂದರೆ ಸುಮ್ಮನೆ ಎದ್ದು ಬರಬೇಡಿ. ದುಡಿಯಲು ಬಿಡದವರು ಯಾರು, ಬಾಡಿಗೆ ತಿಂದವರು ಯಾರು, ಮನೆ ಮಾರಿದವರು ಯಾರು ಎಂದು ಒಂದೊಂದಾಗಿ ಕೇಳಿ. ಉತ್ತರ ಬರುವವರೆಗೆ ಕೇಳಿ.